ಹೇಮಂತ ಅಟ್ಟವನ್ನು ಮಟ್ಟ ಮಾಡಿದ್ದು

"ಒಂದೇ ಒಂದು ತೊಟ್ಟು ಕೆಳಗೆ ಬಿದ್ರೆ ನನ್ನ ಬಿಎಸ್ಸಿ ಸರ್ಟಿಫಿಕೇಟನ್ನ ಒಲೆಗೆ ಹಾಕು!" ಎಂದು ಹೇಮಂತ ಹೆಂಡತಿ ಸ್ಪಂದನಳ ಮುಂದೆ ಘೋಷಿಸಿದ.

ಕೊಳ್ಳೇಗಾಲದ ಆ ಹಳೆಯ ಮನೆಯ ಅಟ್ಟದ ಮೇಲೆ ಸ್ಪಂದನಳ ಹೊಲಿಗೆ ಕ್ಲಾಸು ಶುರುವಾಗಬೇಕಿತ್ತು. ಮರದ ನೆಲ ಎಷ್ಟು ಏರುತಗ್ಗೆಂದರೆ ಹೊಲಿಗೆ ಯಂತ್ರ ನಿಂತಲ್ಲೇ ಕುಣಿಯುತ್ತಿತ್ತು. ಹಲಗೆಗಳ ಮೇಲೆ, ತಾನೇ ಹರಿದು ಮಟ್ಟವಾಗುವ ಸಿಮೆಂಟು ಸುರಿಯುವುದೆಂದು ತೀರ್ಮಾನವಾಯಿತು. ಆದರೆ ಅಟ್ಟದ ಕೆಳಗೇ ತಾಯಿ ಮಹದೇವಮ್ಮನ ಮಗ್ಗ. ಮಗ್ಗದಲ್ಲಿ ಯಳಂದೂರಿನ ಮದುಮಗಳ ಧಾರೆ ಸೀರೆ. ಇನ್ನೊಂದು ಗೇಣು ಬಾಕಿ!

"ನೀರಿನಂಗೆ ಅರೀತದೆ ಅಂತೀಯ. ರೇಷ್ಮೆ ಮ್ಯಾಲೆ ಬಿದ್ರೆ?"

"ಬೀಳಲ್ಲಮ್ಮ. ಇದು ವಿಜ್ಞಾನ."

ಮೂರು ದಿನ ಅಟ್ಟ ಪ್ರಯೋಗಶಾಲೆಯಾಯಿತು. ಕಿರುಗುಟ್ಟುವ ಹಲಗೆಗಳನ್ನೆಲ್ಲ ಸ್ಕ್ರೂ ಹಾಕಿ ತೊಲೆಗೆ ಬಿಗಿದ. ತಲೆಮಾರುಗಳ ಧೂಳು ಗುಡಿಸಿದ. ಆಮೇಲೆ ಅವನ ಮಹಾ ಆವಿಷ್ಕಾರ: ಕೆಳಗೆ ದೊಡ್ಡ ದೀಪ ಹಾಕಿ, ಅಟ್ಟದ ಕಿಟಕಿ ಮುಚ್ಚಿ, ಕತ್ತಲಲ್ಲಿ ತೆವಳುತ್ತ, ಬೆಳಕು ಇಣುಕಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದ. ನಲವತ್ತಮೂರು ತೂತು! ಎಲ್ಲಕ್ಕೂ ಸೀಲೆಂಟ್ ಅಂಟು ತುಂಬಿ, ಮೇಲೆ ಪ್ರೈಮರ್ ಬಳಿದ. ಮಗ್ಗದ ನೇರಕ್ಕೆ ಮಾತ್ರ ಒಂದು ಕಿರಣವೂ ಇರಲಿಲ್ಲ.

"ನಮ್ಮ ತಾತ ಮಗ್ಗದ ಮೇಲೆ ಎಂಥಾ ಹಲಗೆ ಜೋಡಿಸಿದಾರೆ ನೋಡು!" ಎಂದು ಭಾವುಕನಾದ.

ಶನಿವಾರ ಬೆಳಿಗ್ಗೆ ಸಿಮೆಂಟು ಸುರಿದ. ಅದು ತುಂಬಿದ ಕಾವೇರಿಯ ಗಾಂಭೀರ್ಯದಿಂದ ಹರಡಿತು. ಮಗ್ಗದ ನೇರಕ್ಕೆ ಬಂದದ್ದು ಮಾತ್ರ ಇಂಗತೊಡಗಿತು!

"ಲೇ ಏಮಂತಾ, ಬಟ್ಟೆ ಬಸ್ರಿ ಆಗ್ಬುಟ್ಟದೆ! ಓಡ್ ಬಾರ್ಲಾ!" ಎಂದು ಕೆಳಗಿನಿಂದ ತಾಯಿ ಕೂಗಿದಳು.

ಅಟ್ಟದ ಧೂಳು ರೇಷ್ಮೆಯ ಮೇಲೆ ಬೀಳದಿರಲೆಂದು ಮಹದೇವಮ್ಮ ಮಗ್ಗದ ಮೇಲ್ಗಡೆ ಹಳೆಯ ದುಪ್ಪಟಿಯೊಂದನ್ನು ಬಿಗಿದು ಕಟ್ಟಿದ್ದಳು. ಹುಟ್ಟಿದಾಗಿನಿಂದ ನೋಡಿ ನೋಡಿ ಹೇಮಂತನಿಗೆ ಅದು ಕಾಣಿಸುವುದೇ ನಿಂತುಹೋಗಿತ್ತು. ಬೆಳಕನ್ನು ತಡೆದದ್ದು ತಾತನ ಹಲಗೆಯಲ್ಲ, ಆ ದುಪ್ಪಟಿ!

ಅವನು ಕೆಳಗೆ ಓಡಿಬಂದು, ಸ್ಟೂಲ್ ಹತ್ತಿ, ಜೋತುಬಿದ್ದ ದುಪ್ಪಟಿಯನ್ನು ಎರಡೂ ಕೈಯಲ್ಲಿ ಹೊತ್ತು ನಿಂತ.

"ಗಟ್ಟಿ ಆಗಕ್ಕೆ ಎಷ್ಟೊತ್ತು ಬೇಕ್ಲಾ?"

"ಮೂರು ಗಂಟೆ."

"ಅಂಗೇ ನಿಂತ್ಕೊ, ಅಲ್ಲಾಡ್ಬ್ಯಾಡ. ಅಷ್ಟ್ರಲ್ಲಿ ಸೀರೆ ಮುಗಿಸ್ಕತೀನಿ" ಎಂದು ಮಹದೇವಮ್ಮ ಮಗನ ತೋಳಿನ ಕೆಳಗೇ ಕೂತು ಲಾಳಿ ಓಡಿಸತೊಡಗಿದಳು.

ಸ್ಪಂದನ ಕಾಫಿ ತಂದಳು. "ಬಾಯಿಗೆ ಸುರೀಲಾ? ತೊಟ್ಟು ಕೆಳಗೆ ಬೀಳಲ್ಲ ತಾನೆ?"

ಪಕ್ಕದ ಮನೆಯ ಪುಟ್ಟಗೌರಮ್ಮ ಇಣುಕಿ, "ಇದೇನ್ ಮಾದೇವಮ್ಮ, ಮಗನ್ನೇ ಕಂಬ ಮಾಡ್ಕಂಡಿದ್ದೀಯ!" ಎಂದಳು.

ಎರಡು ಗಂಟೆ ಕಳೆದ ಮೇಲೆ ಸೀರೆ ಕಲೆಯಿಲ್ಲದೆ ಮಗ್ಗದಿಂದ ಇಳಿಯಿತು. ಅದನ್ನು ಮಡಿಚಿ ಒಳಗಿಟ್ಟು ಬಂದು, ಮಹದೇವಮ್ಮ ಸಮಾಧಾನವಾಗಿ ಮಗನತ್ತ ತಲೆಯೆತ್ತಿದಳು.

"ತೂತ ಉಡುಕಕ್ಕೆ ದೀಪ ಯಾಕ್ಲಾ? ಮೂವತ್ತು ವರ್ಸದಿಂದ ಇದ್ರ ಕೆಳಗೇ ಕುಂತು ಈ ದುಪ್ಪಟಿ ಒದರ್ತಾ ಇವ್ನಿ. ಯಾವ ಸಂದಿಂದ ಎಷ್ಟು ದೂಳು ಬೀಳ್ತದೆ ಅಂತ ಬಾಯಲ್ಲೇ ಏಳ್ತಿದ್ದೆ. ಕೇಳಿದ್ಯಾ ನೀನು?"

ಹೇಮಂತ ಕೇಳಿರಲಿಲ್ಲ. ಮೂರು ದಿನದಲ್ಲಿ ಸಿಮೆಂಟು ಚೀಲದ ಮೇಲಿನ ಸೂಚನೆಯನ್ನು ಏಳು ಸಲ ಓದಿದ್ದ.

"ಈಗ ಹೇಳಮ್ಮ" ಎಂದ, ಮೆಲ್ಲಗೆ.

"ಗ್ವಾಡೆಯಿಂದ ಮೂರನೇ ಅಲಗೆ, ಗಂಟಿನ್ ಪಕ್ಕ ಒಂದು. ಅದ್ರಾಚೆ ಎರಡು ಬೆರಳಗಲ ಬುಟ್ಟು ಇನ್ನೊಂದು..."

ಸಿಮೆಂಟು ಗಟ್ಟಿಯಾಗಲು ಇನ್ನೂ ಒಂದು ಗಂಟೆ ಬಾಕಿ; ಹೇಮಂತನ ಕೈಗಳು ಇನ್ನೂ ಮೇಲೆಯೇ ಇದ್ದವು.

"ಸ್ಪಂದನ," ಎಂದ, "ಬರ್ಕೊ!"