ಬಾಗಿಲಾಚೆ ನಿಂತು ಗೆಲ್ಲಿಸಿದ ಪಂದ್ಯಗಳು

ತಮ್ಮ ಕಾಲದ ದೊಡ್ಡ ಕ್ಷಣಗಳನ್ನು ಕಣ್ಣಾರೆ ಕಂಡವರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ಮದುವೆಮನೆಯಲ್ಲಿ ಎಲೆ ಹಾಕುವುದು ಸ್ವಲ್ಪ ತಡವಾದರೆ ಸಾಕು, ಪಕ್ಕದ ಕುರ್ಚಿಯವರು ಶುರು ಮಾಡಿಬಿಡುತ್ತಾರೆ. ಎಂಬತ್ತಮೂರರಲ್ಲಿ ಕಪ್ ಗೆದ್ದಾಗ ಯಾರ ಮನೆಯ ರೇಡಿಯೋ ಮುಂದೆ ಕೂತಿದ್ದರು, ಆ ರೇಡಿಯೋ ಎಷ್ಟು ಕೊರಕೊರ ಎನ್ನುತ್ತಿತ್ತು, ಗೆದ್ದ ಮೇಲೆ ಯಾರು ಯಾರನ್ನು ಎತ್ತಿ ಕುಣಿದರು, ಎಲ್ಲವೂ ಬರುತ್ತದೆ. ನನ್ನ ಸರದಿ ಬಂದಾಗ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತೇನೆ. ಹಾಗೆಂದು ನಾನು ಅಂಥ ಹೊತ್ತಿನಲ್ಲಿ ಇರಲೇ ಇಲ್ಲವೆಂದಲ್ಲ. ಇದ್ದೆ, ಆದರೆ ಬಾಗಿಲಿನ ಆಚೆ ಇದ್ದೆ. ದೇಶ ಗೆದ್ದದ್ದನ್ನು ಊರೆಲ್ಲ ಕಣ್ಣಾರೆ ಕಂಡರೆ ನಾನು ಕಿವಿಯಾರೆ ಕೇಳಿದವನು.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಲೇತ್ ಯಂತ್ರದಿಂದ ಇಳಿದ ಪಿನ್ನು, ಬುಷ್ಷುಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. 'ಕಣ್ಣಂದಾಜು ನಂಬಬೇಡಿ, ಅಳತೆ ನಂಬಿ' ಎಂಬುದು ನಾನು ದಿನವೂ ಮಾಡುವ ಪ್ರವಚನ. ಗದಗದ ಕಡೆಯಿಂದ ಬಂದು ಲೇತ್ ನಡೆಸುವ ಬಸಣ್ಣನಿಗಂತೂ ಅದು ಬಾಯಿಪಾಠವಾಗಿತ್ತು. ಇಂಥ ನಾನೇ ಒಂದು ದಿನ ಯಾವ ಅಳತೆಗೂ ಸಿಗದ ನಂಬಿಕೆಯೊಂದಕ್ಕೆ ತಲೆಬಾಗಿದೆ.

ಎರಡು ಸಾವಿರದ ಏಳನೆಯ ಇಸವಿ. ಇಪ್ಪತ್ತು ಓವರುಗಳ ಮೊದಲ ವಿಶ್ವಕಪ್ಪಿನ ಫೈನಲ್, ಎದುರಿಗೆ ಪಾಕಿಸ್ತಾನ. ನಮಗೆ ಎರಡನೇ ಪಾಳಿ. ಮಾಲೀಕರು ಪುಣ್ಯಾತ್ಮರು, ಪ್ಯಾಕಿಂಗ್ ಕೋಣೆಗೆ ತಮ್ಮ ಮನೆಯ ಹಳೆಯ ಟಿ.ವಿ. ತರಿಸಿದ್ದರು. ನಾನು ಅರ್ಜೆಂಟ್ ಮಾಲೊಂದನ್ನು ಅಳೆದು ಮುಗಿಸಿ ಓಡಿಬಂದಾಗ ಕೊನೆಯ ಓವರು ನಡೆಯುತ್ತಿತ್ತು. ಎದುರಾಳಿಗಳದ್ದು ಉಳಿದದ್ದು ಒಂದೇ ವಿಕೆಟ್. ನಾನು ಹೊಸಿಲು ದಾಟಿ ಒಳಗೆ ಕಾಲಿಟ್ಟದ್ದೇ ತಡ, ಚೆಂಡು ಆಕಾಶಕ್ಕೆ ಹಾರಿ ಸಿಕ್ಸರ್ ಆಯಿತು. ಎಲ್ಲರೂ ನಿಧಾನವಾಗಿ ಟಿ.ವಿ. ಬಿಟ್ಟು ನನ್ನ ಕಡೆ ತಿರುಗಿದರು.

"ಸರ್ರ, ನೀವು ಹೊರಗ ನಡೀರಿ," ಎಂದ ಬಸಣ್ಣ.

"ಏನ್ ಬಸಣ್ಣ, ಇದೆಲ್ಲ ನಂಬ್ತೀಯಾ? ಅಲ್ಲೆಲ್ಲೋ ಆಫ್ರಿಕಾದಲ್ಲಿ ಆಡ್ತಾ ಇದಾರೆ ಕಣಯ್ಯಾ!"

"ಆಮ್ಯಾಲೆ ಮಾತಾಡೂಣ್ರಿ. ಕೈ ಮುಗೀತೀನಿ, ಮದ್ಲ ಹೊರಗ ನಡೀರಿ!"

ಕೈ ಮುಗಿಯುತ್ತೇನೆಂದವನು ಭುಜ ಹಿಡಿದು ತಳ್ಳಿಯೇಬಿಟ್ಟ. ಬಾಗಿಲು ನನ್ನ ಮೂಗಿನ ಮುಂದೆ ಮುಚ್ಚಿಕೊಂಡಿತು. ಮರುಗಳಿಗೆಯಲ್ಲಿ ಒಳಗಿಂದ ಎದ್ದ ಬೊಬ್ಬೆಗೆ ತಗಡಿನ ಮಾಡು ಅದುರಿತು. ಕೊನೆಯ ವಿಕೆಟ್ ಬಿದ್ದಿತ್ತು, ಕಪ್ ನಮ್ಮದಾಗಿತ್ತು. ನಾನು ಜನರೇಟರ್ ಪಕ್ಕದಲ್ಲಿ ನಿಂತು, ಯಾರನ್ನು ಅಪ್ಪಿಕೊಳ್ಳಬೇಕೆಂದು ತಿಳಿಯದೆ, ಕೈಯಲ್ಲಿದ್ದ ಅಳತೆಯ ಮೈಕ್ರೋಮೀಟರನ್ನೇ ಎದೆಗೆ ಒತ್ತಿಕೊಂಡೆ. ಆಮೇಲೆ ಬಸಣ್ಣ ಓಡಿಬಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ, "ನಿಮ್ಮಿಂದನ ಗೆದ್ವಿ ಸರ್ರ!" ಎಂದ. ಬೈದಿದ್ದರೆ ಜಗಳವಾಡಬಹುದಿತ್ತು. ಇಷ್ಟು ದೊಡ್ಡ ಹೊಗಳಿಕೆಯನ್ನು ಯಾರು ತಾನೇ ಬೇಡವೆನ್ನುತ್ತಾರೆ?

ಸುದ್ದಿ ಮನೆಗೂ ಮುಟ್ಟಿತು. ಎರಡು ಸಾವಿರದ ಹನ್ನೊಂದರ ವಿಶ್ವಕಪ್ ಫೈನಲ್ ದಿನ ನಾನು ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಧೈರ್ಯವಾಗಿ ಸೋಫಾದ ಮೇಲೆ ಕೂತೆ. ನಮ್ಮವರು ಬ್ಯಾಟಿಂಗಿಗೆ ಇಳಿದು ಎರಡನೆಯ ಚೆಂಡಿಗೇ ಒಬ್ಬ ಔಟಾದ. ನನ್ನ ಹೆಂಡತಿ ಸುಮಾ ನನ್ನನ್ನು ಒಂದು ಸಲ ನೋಡಿದಳು ಅಷ್ಟೆ. ಇಡೀ ದೇಶ ದೇವರೆಂದು ನಂಬಿದ್ದ ಆಟಗಾರನೂ ಔಟಾದಾಗ, "ರೀ, ಬಾಲ್ಕನಿಯಲ್ಲಿ ಬಟ್ಟೆ ಒಣಗಿದ್ಯಾ ನೋಡ್ಬಾರ್ದಾ?" ಎಂದಳು. ಸಂಸ್ಕಾರವಂತೆ, ಭುಜ ಹಿಡಿದು ತಳ್ಳಲಿಲ್ಲ. ಬಟ್ಟೆ ಯಾವಾಗಲೋ ಒಣಗಿತ್ತು. ನಾನು ಮಾತ್ರ ಪಂದ್ಯ ಮುಗಿಯುವವರೆಗೂ ಸೊಳ್ಳೆಗಳಿಗೆ ಊಟವಾಗುತ್ತ ಅಲ್ಲೇ ನಿಂತಿದ್ದೆ. ಕಪ್ ತಂದ ಆ ಕೊನೆಯ ಸಿಕ್ಸರ್ ನನಗೆ ಕಂಡದ್ದು ಎದುರು ಬೀದಿಯ ಪಟಾಕಿಯ ಬೆಳಕಿನಲ್ಲಿ. ಸಂತೋಷಕ್ಕೆ ಕಣ್ಣು ತುಂಬಿ ಬಂತು. ಅಂದಿನಿಂದ ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ನಾಲ್ಕು ವರ್ಷದಲ್ಲಿ ದೇಶಕ್ಕೆ ಎರಡು ಕಪ್ ಬಂದಿದ್ದವು, ಎರಡರಲ್ಲೂ ಬಾಗಿಲಾಚೆಯ ನನ್ನ ಸೇವೆ ಇತ್ತು.

ಹೀಗೆ ನೆಮ್ಮದಿಯಾಗಿ ತ್ಯಾಗಜೀವಿಯಾಗಿದ್ದವನಿಗೆ ಸಂಕಟ ತಂದದ್ದು ಮಂಗಳ ಗ್ರಹ. ಎರಡು ಸಾವಿರದ ಹದಿನಾಲ್ಕರ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ನೌಕೆ ಅದರ ಕಕ್ಷೆ ಸೇರಬೇಕಿತ್ತು. "ಸರ್ರ, ನಾವು ಪಾಕಿಸ್ತಾನದ ಮ್ಯಾಲೆ ಕಪ್ ಗೆದ್ದಿದ್ದೂ ಇದ ತಾರೀಖಿಗೆ ನೋಡ್ರಿ," ಎಂದು ಬಸಣ್ಣ ನನ್ನ ಹೊಣೆಯನ್ನು ನೆನಪಿಸಿದ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ನೌಕೆಯನ್ನು ನಡೆಸುತ್ತಿದ್ದ ಕೇಂದ್ರ ಇದ್ದದ್ದೇ ನಮ್ಮ ಪೀಣ್ಯದಲ್ಲಿ! ಒಳಗೆ ಹೋದರೆ ಟಿ.ವಿ., ಹೊರಗೆ ನಿಂತರೆ ಖುದ್ದು ಕೇಂದ್ರಕ್ಕೇ ಇನ್ನಷ್ಟು ಹತ್ತಿರ. ಬಾಗಿಲಾಚೆ ಹೋಗಬೇಕೆಂದರೆ ಯಾವ ಬಾಗಿಲು? ರಜೆ ಹಾಕಿ ಊರಿನ ಇನ್ನೊಂದು ತುದಿಗೆ, ಸಿಂಗಸಂದ್ರದ ನಾದಿನಿಯ ಮನೆಗೆ ಹೋಗಿ ಕೂರುವುದೇ ಕ್ಷೇಮವೆಂದು ಸುಮಾಗೆ ಹೇಳಿದೆ. "ಮಂಗಳ ಗ್ರಹಕ್ಕೆ ಪೀಣ್ಯ ಆದ್ರೇನು, ಸಿಂಗಸಂದ್ರ ಆದ್ರೇನ್ರೀ? ಸುಮ್ನೆ ಕೆಲಸಕ್ಕೆ ಹೋಗಿ," ಎಂದು ಟಿಫಿನ್ ಡಬ್ಬಿ ಕೈಗಿತ್ತಳು.

ಅಂದು ಮೊದಲ ಪಾಳಿ. ದೊಡ್ಡವರು ಬರುತ್ತಾರೆಂದು ರಸ್ತೆಯುದ್ದಕ್ಕೂ ಪೊಲೀಸರು. ಪ್ಯಾಕಿಂಗ್ ಕೋಣೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಸೇರಿದಾಗ ನಾನು ರೂಢಿಯಂತೆ ಜನರೇಟರ್ ಪಕ್ಕ ನಿಂತೆ. ನೌಕೆ ಗ್ರಹದ ಹಿಂದೆ ಮರೆಯಾಗಿದೆ, ಈಚೆ ಬಂದು ಸುದ್ದಿ ಕೊಡುವವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು ಒಳಗೆ ಹೇಳುತ್ತಿದ್ದದ್ದು ಕೇಳಿಸಿತು. ಮರೆಯಲ್ಲಿ ನಿಲ್ಲುವವರ ಕಷ್ಟ ನನಗೆ ಗೊತ್ತು. ಆ ನೌಕೆಗೂ ಅಯ್ಯೋ ಪಾಪ ಎಂದೆ. ಅಷ್ಟರಲ್ಲಿ ಬಸಣ್ಣ ಬಾಗಿಲಿಗೆ ಬಂದ.

"ಒಳಗ ಬರ್ರಿ ಸರ್ರ."

"ಬೇಡ ಬಸಣ್ಣ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಆದ್ರ ಆಗ್ಲಿ. ಇಲ್ಲೇ ನಮ್ಮ ಓಣ್ಯಾಗ ಇಷ್ಟು ದೊಡ್ಡ ಕೆಲಸ ನಡದೈತಿ, ನೀವೊಬ್ರು ಗ್ವಾಡಿ ನೋಡ್ಕೋತ ನಿಲ್ಲೂದು ನನಗ ಸರಿ ಅನ್ಸವಲ್ದು."

ಈ ಸಲ ಭುಜ ಹಿಡಿದು ಒಳಗೆ ಎಳೆದ. ನಾನು ಕಣ್ಣು ಮುಚ್ಚಿಕೊಂಡೇ ಹೋದೆ. ತೆರೆದಾಗ ಪರದೆಯಲ್ಲಿ ವಿಜ್ಞಾನಿಗಳು ಉಸಿರು ಬಿಗಿಹಿಡಿದು ಕೂತಿದ್ದರು. ಆಮೇಲೆ ಒಮ್ಮೆಲೇ ಎದ್ದರು, ಚಪ್ಪಾಳೆ ತಟ್ಟಿದರು, ರೇಷ್ಮೆ ಸೀರೆ ಉಟ್ಟ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಗೆದ್ದಿದ್ದೆವು! ನಾನು ಒಳಗಿದ್ದೆ, ನೋಡುತ್ತಿದ್ದೆ, ಆದರೂ ಗೆದ್ದಿದ್ದೆವು. ಬಸಣ್ಣನನ್ನು ಅಪ್ಪಿಕೊಂಡು ನಾನು ಮಗುವಿನಂತೆ ಅತ್ತೆ. ಅವನ ಅಂಗಿಯ ಎಣ್ಣೆಯೆಲ್ಲ ನನ್ನ ಅಂಗಿಗೆ ಮೆತ್ತಿಕೊಂಡಿತು, ಅದನ್ನು ಮನೆಯವರೆಗೆ ಪದಕದಂತೆ ಹೊತ್ತು ತಂದೆ.

ಸಂಜೆ ಕಥೆಯೆಲ್ಲ ಕೇಳಿ ಸುಮಾ ಸಂಭ್ರಮಪಟ್ಟಳು. ಚಹಾ ಬಸಿಯುತ್ತ, "ಹಾಗಾದ್ರೆ ಆ ಎರಡು ಸಲ ನೀವು ಸುಮ್ ಸುಮ್ನೆ ಹೊರಗೆ ನಿಂತಿದ್ದು ಅಂತಾಯ್ತು!" ಎಂದಳು.

ನಾನು ಚಹಾದ ಲೋಟವನ್ನು ಕೆಳಗಿಟ್ಟೆ. ನನ್ನ ಕಣ್ಣಿನಲ್ಲಿ ದೋಷವಿಲ್ಲವೆಂದು ಗೊತ್ತಾದದ್ದು ಸಂತೋಷವೇ. ಆದರೆ ದೋಷ ಹೋಗುವಾಗ ನನ್ನ ಎರಡು ಕಪ್ಪುಗಳನ್ನೂ ಹೊತ್ತುಕೊಂಡು ಹೋಗುತ್ತದೆಂದು ನಾನು ಎಣಿಸಿರಲಿಲ್ಲ. ಬಹಳ ಯೋಚಿಸಿ, ಮಂಗಳ ಗ್ರಹಕ್ಕೆ ನನ್ನ ವಿಚಾರ ಇನ್ನೂ ತಿಳಿದಿರಲಿಕ್ಕಿಲ್ಲ, ಕ್ರಿಕೆಟ್ಟಿನ ಮಾತೇ ಬೇರೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಮುಂದಿನ ಕಪ್ಪನ್ನು ಮಾತ್ರ ಕಣ್ಣಾರೆ ನೋಡಿಯೇ ತೀರುತ್ತೇನೆ. ಅದಕ್ಕಾಗಿ ಜಾಗವನ್ನೂ ಅಳೆದು ಗುರುತು ಮಾಡಿಟ್ಟಾಗಿದೆ: ಸರಿಯಾಗಿ ಹೊಸಿಲ ಮೇಲೆ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.