ನೆಂಟರಿಲ್ಲದ ಊರಿಗೆ ಟೂರು

ಟೂರು ಕರೆದುಕೊಂಡು ಹೋಗುವ ಕೆಲಸ ಹಿಡಿದವನು ನಗುವಿಗಾಗಿ ಎಲ್ಲೂ ಹುಡುಕಬೇಕಾಗಿಲ್ಲ. ಅದು ಎಲೆಅಡಿಕೆ ಕವಳದ ಸಂಚಿ ಬಗಲಿಗೆ ಹಾಕಿಕೊಂಡು, ಕಿಟಕಿ ಪಕ್ಕದ ಸೀಟು ಕೇಳುತ್ತ ತಾನೇ ಬಸ್ಸು ಹತ್ತುತ್ತದೆ.

ತೊಂಬತ್ತರ ದಶಕದಲ್ಲಿ ಶಿರಸಿ ಪೇಟೆಯಲ್ಲಿ ಒಂದು ಕೋಣೆ ಹಿಡಿದು ನಾನು ಈ ಕೆಲಸ ಶುರುಮಾಡಿದೆ. ಬಸ್ಸು ಬಾಡಿಗೆಯದು, ಡ್ರೈವರ್ ಬನವಾಸಿ ಕಡೆಯವನು, ಬಾಗಿಲ ಮೇಲಿನ ಬೋರ್ಡು ಮಾತ್ರ ನನ್ನ ಸ್ವಂತದ್ದು. ಅದೇ ಹೊತ್ತಿಗೆ ಸಿದ್ದಾಪುರದ ಹತ್ತಿರ ನಿಲ್ಕುಂದದಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದೆ. ಹುಡುಗಿ ಒಪ್ಪಿದಳು. ನಾನು ಊರು ತಿರುಗುವವನು ಎಂಬುದೇ ಅವಳಿಗೆ ಹಿಡಿಸಿದ್ದು. ಅವಳ ಅಪ್ಪ ಒಪ್ಪಲಿಲ್ಲ. ಅವರಿಗೆ ಹಿಡಿಸದಿದ್ದದ್ದೂ ಅದೇ.

"ಗುರ್ತು ಪರಿಚಯ ಇಲ್ಲದ ಊರಲ್ಲಿ ಎಂತಾದ್ರೂ ಆದ್ರೆ ನಮ್ಗೆ ಯಾರಿದ್ದ ತಮಾ?" ಎಂದರು.

ಟೂರು ಬಿಟ್ಟರೆ ಹುಡುಗಿ ಸಿಗುವುದಿಲ್ಲ, ಟೂರು ಹಿಡಿದುಕೊಂಡರೆ ಮಾವ ಸಿಗುವುದಿಲ್ಲ. ಹೊರಡುವಾಗ ಅವರು ಗೇಟಿನವರೆಗೆ ಬಂದು, "ನೋಡನ" ಎಂದರು, ಅಂದರೆ ನೋಡೋಣ. ಆ ಒಂದು ಮಾತು ಹಿಡಿದುಕೊಂಡು ನಾನು ಎರಡು ವರ್ಷ ಕಾದೆ.

ನೋಡನ

ಈ 'ನೋಡನ' ಏನೆಂದು ನನಗೆ ಗೊತ್ತಾದದ್ದು ಮೊದಲ ಟೂರಿನಲ್ಲೇ. ಊಟಿಗೆ ಎಂದು ಗೊತ್ತುಮಾಡಿ ಮನೆಮನೆಗೆ ಹೋಗಿ ಬಂದೆ. ಎಲ್ಲಿ ಹೋದರೂ ಮೊದಲ ಪ್ರಶ್ನೆ, "ಆಸರಿಗೆ ಎಂತ ಅಡ್ಡಿಲ್ಲೆ?" ಅಂದರೆ ಕುಡಿಯಲು ಏನಾಗಬಹುದು ಎಂದು. ಮಜ್ಜಿಗೆಯೋ ಕಷಾಯವೋ ಆಗುತ್ತದೆ, ಕವಳದ ತಟ್ಟೆ ಬರುತ್ತದೆ, ನಾನು ಊಟಿಯ ಚಳಿ, ಹೂದೋಟ, ಪುಟ್ಟ ರೈಲು ಎಲ್ಲ ಬಣ್ಣಿಸಿ ಮುಗಿಸುತ್ತೇನೆ. ಮನೆಯ ಯಜಮಾನರು ಕವಳದ ಕೆಂಪು ಒರೆಸಿಕೊಂಡು, "ನೋಡನ" ಎನ್ನುತ್ತಾರೆ. ನಾನು ಇದೇ ಸೀಮೆಯವನಾದರೂ ಹೊಸ ಹುಮ್ಮಸ್ಸು ನೋಡಿ, ಅಷ್ಟೂ ನೋಡನಗಳನ್ನು 'ಬರುತ್ತೇವೆ' ಎಂದೇ ತಿಳಿದೆ.

ಹೊರಡುವ ದಿನ ಬೆಳಿಗ್ಗೆ ಬಸ್ಸು ಬಂದು ನಿಂತಿತು. ಹತ್ತಿದವರು ಇಬ್ಬರು, ನಾನು ಮತ್ತು ಡ್ರೈವರ್.

"ಹೊಂಟ ಬಿಡೂನೇನ್ರೀ?" ಎಂದ ಅವನು. "ಮಲಕೊಂಡ ಹೋಗಬಹುದು."

ನನಗೆ ಅಳು ಬರುವುದೊಂದು ಬಾಕಿ. ಮಾರನೆಯ ದಿನ ಪೇಟೆಯಲ್ಲಿ ಸಿಕ್ಕಿದ ಒಬ್ಬ ಹಿರಿಯರನ್ನು ತಡೆದು, ಯಾಕೆ ಬರಲಿಲ್ಲ ಎಂದು ಕೇಳಿದರೆ ಅವರಿಗೇ ನನಗಿಂತ ಹೆಚ್ಚು ಸಿಟ್ಟು.

"ನೀ ಕರೆಯಲೇ ಬೈಂದಿಲ್ಲೆ!"

"ಮನೆಗೇ ಬಂದಿದ್ನಲಾ?"

"ಅದು ಹೇಳಲೆ ಬಂದಿದ್ದು. ಕರೆಯಲೆ ಮತ್ತೊಂದ್ಸಲ ಬರವು."

ಸರಿಯೇ. ನಮ್ಮಲ್ಲಿ ಯಾವ ಮನೆಯ ಕಾರ್ಯಕ್ಕಾದರೂ ಮೊದಲು ಸುದ್ದಿ ತಿಳಿಸುವುದು ಬೇರೆ, ಅಕ್ಷತೆ ಕೊಟ್ಟು ಕರೆಯುವುದು ಬೇರೆ. ಮುಂದಿನ ಸಲ ಬೆಳ್ಳಿ ಬಟ್ಟಲಲ್ಲಿ ಅಕ್ಷತೆ ಹಿಡಿದು ಎರಡನೆಯ ಸುತ್ತು ಹೊರಟೆ. ಬಸ್ಸು ತುಂಬಿತು. ಜರಿ ಸೀರೆ, ಹೊಸ ಪಂಚೆ, ಯಾರಲ್ಲೂ ಏನೂ ಕೊರತೆಯಿಲ್ಲ. ಕೊನೆಗೆ ಹತ್ತಿದ ಅಜ್ಜಿಯೊಬ್ಬಳು ನನ್ನ ಕೈಗೆ ತೆಂಗಿನಕಾಯಿ, ರವಿಕೆ ಕಣ ಇಟ್ಟು, ಸುತ್ತ ನೋಡಿ ಕೇಳಿದಳು:

"ಮದ್ವೆ ಯಾರದ್ದು ತಮಾ?"

ನನ್ನದೇ ಇನ್ನೂ ಗೊತ್ತಾಗಿರಲಿಲ್ಲ, ಬೇರೆ ಯಾರದ್ದೆಂದು ಹೇಳಲಿ!

ಊಟಿಯ ದಾರಿ

ಹಾಗೆ ತುಂಬಿದ ಬಸ್ಸು ಊಟಿಗೆ ಹೊರಟಿತು. ಸಿದ್ದಾಪುರ ದಾಟಿ ತಾಳಗುಪ್ಪ ಬರುವಾಗ ಹಿಂದಿನ ಸೀಟಿನಿಂದ ಒಂದು ದನಿ. "ಇಲ್ಲೇ ಒಳಗೆ ತಂಗಿ ಮನೆ. ಎದುರಿಂದಲೇ ಹೋಗಿ ಇಳಿಯದೇ ಇದ್ರೆ ಅದು ಜನ್ಮದಲ್ಲಿ ಮಾತಾಡ್ತಿಲ್ಲೆ. ಬರೀ ಆಸರಿಗೆ ಕುಡ್ಕಂಡು ಹೊರಡನ."

ಇಳಿದೆವು. ಬಸ್ಸಿನ ತುಂಬ ಜನಕ್ಕೆ ಆಸರಿಗೆ ಕೊಟ್ಟ ಮನೆಯವರು ಊಟ ಹಾಕದೆ ಬಿಡುತ್ತಾರೆಯೇ? ಉಂಡವರು ಒಂದು ನಿದ್ದೆ ತೆಗೆಯದೆ ಏಳುತ್ತಾರೆಯೇ? ಸಾಗರದಲ್ಲಿ ಇನ್ನೊಬ್ಬರ ಷಡ್ಡಕ, ಅದರಾಚೆ ಮತ್ತೊಬ್ಬರ ಸೋದರತ್ತೆ. ಒಬ್ಬರ ನೆಂಟರ ಮನೆಗೆ ಇಳಿದು ಇನ್ನೊಬ್ಬರದ್ದು ಬಿಟ್ಟರೆ ಮನಸ್ತಾಪ. ನಾನು ಊಟಿಯ ಹೋಟೆಲಿಗೆ ಫೋನು ಮಾಡಿ ಮಾಡಿ ಸುಸ್ತಾದೆ. ನಾಲ್ಕನೆಯ ದಿನವೂ ನಾವು ಹೊಸನಗರದ ಸುತ್ತಮುತ್ತಲೇ ಹಲಸಿನ ಹಪ್ಪಳ ತಿನ್ನುತ್ತಿದ್ದೆವು. ಐದನೆಯ ದಿನ ಬಸ್ಸು ವಾಪಸು ತಿರುಗಿತು.

ಈ ಟೂರಿನೊಂದಿಗೆ ನನ್ನ ಕತೆ ಮುಗಿಯಿತು ಎಂದುಕೊಂಡೆ. ಶಿರಸಿಯಲ್ಲಿ ಇಳಿಯುವಾಗ ತಲೆತಗ್ಗಿಸಿ ಬಾಗಿಲ ಹತ್ತಿರ ನಿಂತಿದ್ದರೆ ಒಬ್ಬೊಬ್ಬರೂ ಬೆನ್ನು ತಟ್ಟಿ, "ಟೂರು ಅಡ್ಡಿಲ್ಲೆ" ಎಂದು ಇಳಿದರು. ನಮ್ಮವರ ಬಾಯಲ್ಲಿ ಅಡ್ಡಿಲ್ಲೆ ಎಂದರೆ ಬೇರೆಯವರು ಹಾರ ಹಾಕಿದ ಹಾಗೆ. ನನಗೆ ಜೀವ ಬಂತು.

ಡ್ರೈವರಿಗೆ ಮಾತ್ರ ತಡೆಯಲಾಗಲಿಲ್ಲ. "ಅಲ್ರೀ, ಊಟಿಗೆ ಅಂತ ಹೊಂಟವ್ರು ನೀವು. ಊಟಿ ನೋಡ್ಲೇ ಇಲ್ಲಲ್ರಿ?"

ಇಳಿಯುತ್ತಿದ್ದ ಹಿರಿಯರು ಅವನನ್ನು ಮರುಕದಿಂದ ನೋಡಿದರು.

"ಊಟಿಲಿ ಯಾರಿದ್ದ?"

ಜಲಪಾತಕ್ಕೆ ಬಂದವರು

ನಮ್ಮವರಷ್ಟೇ ಹೀಗೆ ಎಂದುಕೊಂಡಿದ್ದೆ. ಪುಣೆಯಿಂದ ಬಂದ ಒಂದು ತಂಡ ಆ ಭ್ರಮೆಯನ್ನೂ ಬಿಡಿಸಿತು. ಕೊರಳಿಗೆ ಕ್ಯಾಮರಾ, ಕಾಲಿಗೆ ಬೂಟು. ಯಲ್ಲಾಪುರದ ಕಾಡಿನೊಳಗಿನ ಜಲಪಾತ ನೋಡಲೇಬೇಕು ಎಂದು ಬಂದವರು. ದಾರಿ ಕೇಳಲು ಒಂದು ಮನೆಯ ಮುಂದೆ ಜೀಪು ನಿಲ್ಲಿಸಿದ್ದೇ ತಪ್ಪಾಯಿತು.

"ನೀರು ಎಲ್ಲಿಗೆ ಓಡಿ ಹೋಗ್ತು? ಉಂಡ್ಕಂಡು ಹೋಗಿ," ಎಂದರು ಮನೆಯೊಡೆಯರು. ಬಡಿಸಿದ್ದು ತಂಬುಳಿ, ಮೇಲೆ ಮಾವಿನಕಾಯಿಯ ಅಪ್ಪೆಹುಳಿ. ನಿದ್ದೆ ಬರಿಸುವುದಕ್ಕೇ ಹೆಸರಾದ ಆ ಅಪ್ಪೆಹುಳಿಯನ್ನು ಲೋಟದಲ್ಲಿ ಕುಡಿದವರು ಮತ್ತೆ ಕಣ್ಣು ಬಿಟ್ಟಿದ್ದು ಸಂಜೆ, ಜಗಲಿಯ ಚಾಪೆಯ ಮೇಲೆ. ಅಷ್ಟರಲ್ಲಿ ಕಾಡುದಾರಿಯಲ್ಲಿ ಹೋಗುವ ಹೊತ್ತು ಮೀರಿತ್ತು. ದುಡ್ಡು ಕೊಟ್ಟು ಬಂದವರು ಜಗಳ ತೆಗೆಯುತ್ತಾರೆ ಎಂದು ಹೆದರಿ ವಾಪಸು ದಾರಿಯುದ್ದಕ್ಕೂ ನಾನು ಜೀಪಿನ ಮುಂದಿನ ಸೀಟಿನಲ್ಲಿ ಹಿಂದೆ ತಿರುಗದೆ ಕುಳಿತೆ.

ಮರುವರ್ಷ ಅದೇ ತಂಡ ಮತ್ತೆ ಬಂತು. "ಈ ಸಲ ಬೆಳಿಗ್ಗೆ ಬೇಗ ಹೊರಟು ಜಲಪಾತ ತೋರಿಸಿಯೇ ಬಿಡುತ್ತೇನೆ," ಎಂದೆ.

ತಂಡದ ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟು ಹಿಂದಿಯಲ್ಲಿ ಹೇಳಿದರು. "ಜಲಪಾತ ಇರಲಿ ಬಿಡಿ. ಆ ಮನೆಯವರು ಊರಲ್ಲಿದ್ದಾರೆ ತಾನೇ?"

ಆಗ್ರಾ

ಎರಡು ವರ್ಷದಲ್ಲಿ ಹುಡುಗಿಯ ಮನೆಗೆ ಬೇರೆ ಗಂಡುಗಳು ಬಂದವು. ಅವಳು ಯಾರನ್ನೂ ಒಪ್ಪಲಿಲ್ಲ. ಕೊನೆಗೆ ಅವಳ ಅಪ್ಪ, "ನಿನ್ನ ಬಸ್ಸಲ್ಲಿ ಒಂದ್ಸಲ ಬರ್ತೆ. ಆಮೇಲೆ ನೋಡನ," ಎಂದರು. ನಾನು ಬಟ್ಟಲು ಹಿಡಿದು ಹೋಗಿ ಅಕ್ಷತೆ ಕೊಟ್ಟು ಕರೆದೆ. ಉತ್ತರ ಭಾರತದ ಟೂರು, ಚಳಿಗಾಲ. ದಾರಿಯುದ್ದಕ್ಕೂ ಅವರಿಗೆ ಬಿಸಿನೀರು ಸಿಕ್ಕಿತೇ, ಅನ್ನ ಮೆತ್ತಗಾಯಿತೇ ಎಂದು ನೋಡುವುದರಲ್ಲೇ ನನ್ನ ಅರ್ಧ ಜೀವ ಹೋಗಿತ್ತು.

ಆಗ್ರಾದಲ್ಲಿ ಬಸ್ಸು ನಿಂತಿತು. ಭಾವೀ ಮಾವ ಏಳಲಿಲ್ಲ.

"ಗೋರಿ ಅಲ್ದ ಅದು? ಯಾರದ್ದೇ ಆಗ್ಲಿ, ಗೋರಿ ಹತ್ರ ಹೋದ್ಮೇಲೆ ಮೀಯದೇ ಉಂಬಲಾಗ್ತಿಲ್ಲೆ. ಈ ಚಳಿಲಿ ಆನು ಮತ್ತೆ ಮೀಯ್ತಿಲ್ಲೆ. ನಿಂಗ ನೋಡ್ಕ ಬನ್ನಿ."

ಹಿರಿಯರೇ ಹಾಗೆಂದ ಮೇಲೆ ಎದ್ದವರೂ ಕುಳಿತರು. ಜೊತೆಗೆ ಕರೆತಂದಿದ್ದ ಅಡಿಗೆಯವರು ರಸ್ತೆಬದಿ ಅನ್ನ ಇಳಿಸಿ ಆಗಿದೆ, ಸಾರಿನ ಘಮ ಬಸ್ಸಿನೊಳಗೆ ಬರುತ್ತಿದೆ. ತಾಜಮಹಲೋ ಬಿಸಿ ಊಟವೋ ಎಂಬ ಪ್ರಶ್ನೆಗೆ ಬಸ್ಸಿಗೆ ಬಸ್ಸೇ ಊಟ ಎಂದಿತು. ಶಿರಸಿಯಿಂದ ಆಗ್ರಾದವರೆಗೆ ಬಂದು ಬಸ್ಸಿನಿಂದ ಇಳಿಯದ ಟೂರು ಎಂದು ಊರೆಲ್ಲ ಆಡಿಕೊಳ್ಳುತ್ತದೆ, ಹೆಣ್ಣಂತೂ ಸಿಗುವುದಿಲ್ಲ. "ವಾಪಸು ಹೋಗೋಣ ನಡಿ," ಎಂದೆ ಡ್ರೈವರಿಗೆ.

ಅವನಿಗೆ ತಲೆ ಕೆಟ್ಟಿತ್ತು. ಬಾಗಿಲ ಮೆಟ್ಟಿಲ ಮೇಲೆ ನಿಂತು, ಬಸ್‌ಸ್ಟ್ಯಾಂಡಿನಲ್ಲಿ ಜನ ಕರೆಯುವ ಹಾಗೆ ಬಸ್ಸಿನ ಮೈ ಬಡಿದು ಕೂಗತೊಡಗಿದ.

"ಸಿರ್ಸಿ, ಸಿದ್ದಾಪುರ, ಯಲ್ಲಾಪುರ! ಹತ್ರೀ ಹತ್ರೀ! ಸಿರ್ಸಿ, ಸಿದ್ದಾಪುರ, ಯಲ್ಲಾಪುರ!"

ತಾಜಮಹಲಿನ ಕಡೆ ಹೋಗುತ್ತಿದ್ದ ಜನ ನಿಂತು ನೋಡಿದರು. ಅವರ ನಡುವಿನಿಂದ ಮಫ್ಲರ್ ಸುತ್ತಿದ ಒಬ್ಬರು ಏದುಸಿರು ಬಿಡುತ್ತ ಓಡಿ ಬಂದರು.

"ಯಲ್ಲಾಪುರಕ್ಕೂ ಹೋಗ್ತ? ಒಂದು ಸೀಟಿದ್ದ?"

ಬಸ್ಸಿನ ಎಲ್ಲ ಕಿಟಕಿಗಳಿಂದಲೂ ತಲೆಗಳು ಹೊರಬಂದವು. ಎಲ್ಲರಿಗಿಂತ ಮೊದಲು ಬಂದದ್ದು ಭಾವೀ ಮಾವನ ತಲೆ.

"ಯಾವ ಊರಾತು?"

"ನಂದೊಳ್ಳಿ. ಇಲ್ಲಿ ನೌಕರಿ. ಊರಿಗೆ ಹೋಗ್ದೇ ವರ್ಷಾತು."

"ನಿಲ್ಕುಂದ ಬದಿಗೆ ಯಾರಾದ್ರೂ ಇದ್ವ?"

"ಯನ್ನ ಸೋದರತ್ತೆ ಕೊಟ್ಟಿದ್ದು ಅಲ್ಲಿಗೇಯ."

ಮುಂದಿನದ್ದು ಇತ್ಯರ್ಥವಾಗಲು ಒಂದು ಕವಳ ಹಾಕುವಷ್ಟು ಹೊತ್ತೂ ಹಿಡಿಯಲಿಲ್ಲ. ಆ ಸೋದರತ್ತೆ ಭಾವೀ ಮಾವನ ದಾಯಾದಿಯ ಮನೆಗೇ ಸೊಸೆಯಾಗಿ ಬಂದವಳು. ಇಬ್ಬರೂ ಭಾವಂದಿರಾದರು. ಸಂಕಟದ ಸಂಗತಿ ತಿಳಿದ ಆಗ್ರಾ ಭಾವ ನಕ್ಕುಬಿಟ್ಟರು. "ಮೀಯಲೆ ಯಮ್ಮನೆ ಇದ್ದಲಾ! ನಿಂಗ ನೋಡ್ಕ ಬಪ್ಪಲ್ಲಿವರೆಗೆ ಬಿಸಿನೀರು ಕಾಯಿಸಿಡಲೆ ಹೇಳ್ತೆ."

ಭಾವೀ ಮಾವ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. "ಭಾವನ ಊರಿಗೆ ಬಂದು ಊರು ನೋಡ್ದೇ ಹೋದ್ರೆ ಅಂವಂಗೆ ಬೇಜಾರಾಗ್ತು. ಏಳಿ, ಏಳಿ," ಎಂದು ಎಲ್ಲರನ್ನೂ ಎಬ್ಬಿಸಿ ತಾವೇ ಮುಂದೆ ನಡೆದರು. ತಾಜಮಹಲಿನ ಎದುರು ಇಬ್ಬರೂ ಕುಳಿತು ಆ ವರ್ಷದ ಅಡಿಕೆ ಕೊಳೆರೋಗದ ಬಗ್ಗೆ ಮಾತಾಡಿದರು. ಏಳುವಾಗ ಭಾವೀ ಮಾವ ಒಮ್ಮೆ ಅಮೃತಶಿಲೆ ಸವರಿ, "ಕಲ್ಲು ಅಡ್ಡಿಲ್ಲೆ," ಎಂದರು. ಆ ಸಂಜೆ ಆಗ್ರಾದ ಒಂದು ಪುಟ್ಟ ಕ್ವಾರ್ಟರ್ಸಿನ ಬಚ್ಚಲಲ್ಲಿ ಇಡೀ ಬಸ್ಸು ಸರದಿಯಲ್ಲಿ ಮಿಂದಿತು.

ಶಿರಸಿಯಲ್ಲಿ ಇಳಿಯುವಾಗ ಅವರು ನನ್ನ ಕೈ ಹಿಡಿದುಕೊಂಡರು. ನೋಡನ ಎಂದುಬಿಡುತ್ತಾರೋ ಎಂದು ನಾನು ಅವರ ಬಾಯಿಯನ್ನೇ ನೋಡಿದೆ.

"ಆಗ್ರಾದಲ್ಲೂ ನಮ್ಮೋರು ಇದ್ದ ಹೇಳಾದ್ಮೇಲೆ ಕೂಸನ್ನ ಎಲ್ಲಿಗೆ ಕಳ್ಸಲೂ ಹೆದ್ರಿಕೆ ಇಲ್ಲೆ," ಎಂದರು. "ಆಗ್ಲಿ ತಮಾ."

ಡ್ರೈವರಿಗೆ ಮದುವೆಯಲ್ಲಿ ಹೊಸ ಪಂಚೆ ಕೊಟ್ಟೆ.

ಮದುವೆಯಾದ ಮೇಲೆ ಎಲ್ಲಿಗೆ ಹೋಗೋಣ ಎಂದು ಹೆಂಡತಿಯನ್ನು ಕೇಳಿದೆ. "ನೆಂಟರು ಇಲ್ದೇ ಇದ್ದ ಊರಿಗೆ," ಎಂದಳು ಅವಳು ತಡಮಾಡದೆ. ಅಂಥ ಊರು ಒಂದೇ ಇತ್ತು. ಊಟಿ ಎಂದಾಗ ಮಾವ ಬೇಡ ಎನ್ನಲಿಲ್ಲ. ಎರಡು ದಿನ ಎಸ್‌ಟಿಡಿ ಬೂತಿನಲ್ಲಿ ಕುಳಿತಿದ್ದರು ಅಷ್ಟೇ.

ಅಂತೂ ಇಂತೂ ಊಟಿ ಕಂಡೆವು. ಮಂಜು ಮುಸುಕಿದ ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೇ ಎಂಬ ಖುಷಿಯಲ್ಲಿ ಕೈಕೈ ಹಿಡಿದು ಇಳಿದರೆ, ಉಣ್ಣೆ ಟೋಪಿ ಹಾಕಿದ ಗಂಡಹೆಂಡತಿ ಫ್ಲಾಸ್ಕು ಹಿಡಿದು ನಿಂತಿದ್ದರು.

"ನಿಲ್ಕುಂದದ ಕೂಸು ನೀನೇ ಅಲ್ದ? ನಿನ್ನ ಅಪ್ಪಯ್ಯ ಫೋನ್ ಮಾಡಿದ್ದ," ಎಂದರು ಅವರು. "ಆಸರಿಗೆ ಎಂತ ಅಡ್ಡಿಲ್ಲೆ?"