ಭಾವನ ಮುಂದೆ ‘ಇಲ್ಲ’ ಅನ್ನಬಾರದು

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನಂತೂ ಹೇಳುವುದಿಲ್ಲ. ಅಕ್ಕ ಹೇಳುತ್ತಾಳೆ, ಕಟ್ಟಿಕೊಂಡವಳು, ಅವಳಿಗೆ ಹಕ್ಕಿದೆ! ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿ ಅವರ ಮನೆಯಲ್ಲೇ ನಾಲ್ಕು ವರ್ಷ ಇದ್ದು ಪಿಎಚ್‌.ಡಿ. ಮಾಡಿದ ನಾನು ಹೇಳುವುದಿಷ್ಟೇ: ಆ ಮನುಷ್ಯನ ಮುಂದೆ ‘ಇಲ್ಲ’ ಎಂಬ ಮಾತು ಆಡಬಾರದು.

“ರೀ, ಫ್ರಿಜ್ಜಲ್ಲಿ ಕೊತ್ತಂಬರಿ ಇದೆಯಾ?” ಎಂದು ಅಕ್ಕ ಒಲೆಯ ಮುಂದಿನಿಂದ ಕೂಗುತ್ತಾಳೆ. ಭಾವ ಫ್ರಿಜ್ಜಿನ ಬಾಗಿಲು ತೆಗೆದು ಎಡಕ್ಕೆ ಬಾಗುತ್ತಾರೆ, ಬಲಕ್ಕೆ ಬಾಗುತ್ತಾರೆ, ಮಂಡಿಯೂರುತ್ತಾರೆ. ಕೊನೆಗೆ, “ಇಲ್ಲಿಂದ ಕಾಣಿಸ್ತಾ ಇಲ್ಲ” ಎನ್ನುತ್ತಾರೆ.

“ಇದೆಯೋ ಇಲ್ವೋ ಹೇಳ್ರೀ!”

“ಅದು ಬೇರೆ ಪ್ರಶ್ನೆ.”

ಅಷ್ಟರಲ್ಲಿ ಒಗ್ಗರಣೆ ಸೀದಿರುತ್ತದೆ.

ಒಮ್ಮೆ ಅದೇ ಊರಿನ ಸನ್ನಿಬ್ಯಾಂಕ್ ಬಡಾವಣೆಯ ತರಕಾರಿ ಅಂಗಡಿಯಾಕೆ ಹಾಗಲಕಾಯಿ ಇಲ್ಲ ಎಂದುಬಿಟ್ಟಳು. ಪಾಪ, ಅವಳಿಗೇನು ಗೊತ್ತು! ಭಾವ ನೆಲಕ್ಕೆ ಕೆನ್ನೆ ತಾಗಿಸಿ, ಮೂಲಂಗಿ ಬುಟ್ಟಿಯ ಹಿಂದಿನಿಂದ ಎರಡು ಹಾಗಲಕಾಯಿ ಎಳೆದು ತೆಗೆದರು. ಅಂದಿನಿಂದ ಇವರ ತಲೆ ಕಂಡೊಡನೆ ಆಕೆ ಏನೂ ಹೇಳದೆ ಒಳಕ್ಕೆ ಕೈ ತೋರಿಸುತ್ತಾಳೆ.

ಇದು ಕಸುಬಿನಿಂದ ಅಂಟಿದ ರೋಗ. ಭಾವ ಭೌತವಿಜ್ಞಾನಿ. ಹರಳಿನ ಮೇಲೆ ಬೆಳಕು ಬಿಟ್ಟು, ಸಿಡಿದು ಬರುವ ಎಲೆಕ್ಟ್ರಾನುಗಳನ್ನು ಬೇರೆ ಬೇರೆ ಕೋನದಲ್ಲಿ ಹಿಡಿದು, ಒಳಗೆ ಅವು ಯಾವ ಶಕ್ತಿಪಟ್ಟಿಗಳಲ್ಲಿ ಓಡಾಡುತ್ತಿದ್ದವು ಎಂದು ಚಿತ್ರ ತೆಗೆಯುವುದು ಅವರ ಕೆಲಸ. ದುರದೃಷ್ಟಕ್ಕೆ ನಾನೂ ಅದನ್ನೇ ಆರಿಸಿಕೊಂಡೆ!

ನನ್ನ ಹರಳಿನಲ್ಲಿ ಮೂರು ಪಟ್ಟಿ ಇರಬೇಕಿತ್ತು. ಎಂಟು ತಿಂಗಳು ಒದ್ದಾಡಿದರೂ ಕಂಡದ್ದು ಎರಡೇ. ಮೂರನೆಯದು ಇಲ್ಲವೇ ಇಲ್ಲ ಎಂದು ಬರೆದು, ಯಾಕಿಲ್ಲ ಎಂಬುದಕ್ಕೆ ಒಂದು ಸಿದ್ಧಾಂತವನ್ನೂ ಹೊಸೆದೆ. ನನ್ನ ಥೀಸಿಸ್ ಪೂರ್ತಿ ನಿಂತದ್ದು ಅದರ ಮೇಲೆ. ಸಂಶೋಧನಾ ಪತ್ರಿಕೆಗೆ ಲೇಖನ ಕಳಿಸುವ ಹಿಂದಿನ ದಿನ ಊಟಕ್ಕೆ ಕೂತಾಗ ಭಾವ ಕೇಳಿದರು: “ಬೆಳಕು ಯಾವ ಕಡೆಗೆ ಕಂಪಿಸ್ತಿತ್ತು?”

“ಅಡ್ಡಕ್ಕೆ.”

“ಉದ್ದಕ್ಕೆ ತಿರುಗಿಸಿ ನೋಡಿದ್ಯಾ?”

“ಭಾವ, ಇದು ಹಾಗಲಕಾಯಿ ಅಲ್ಲ!”

“ಎಲೆಕ್ಟ್ರಾನ್ ಅಲ್ಲೇ ಇರತ್ತಮ್ಮ. ಅದರ ಆಕಾರಕ್ಕೂ ಬೆಳಕಿನ ದಿಕ್ಕಿಗೂ ಹೊಂದದೇ ಇದ್ರೆ ಹೊರಗೆ ಬರಲ್ಲ, ಅಷ್ಟೇ. ಮ್ಯಾಟ್ರಿಕ್ಸ್ ಎಲಿಮೆಂಟ್ ಅಂತ ಪಾಠದಲ್ಲಿ ಓದಿಲ್ವಾ?”

ಓದಿದ್ದೆ. ಪರೀಕ್ಷೆಗೆ ಓದಿದ್ದೆ! ಮರುದಿನ ಲೇಖನ ತಡೆಹಿಡಿದು, ಉರಿಯುವ ಮುಖದಲ್ಲೇ ಬೆಳಕನ್ನು ತಿರುಗಿಸಿದೆ. ಕತ್ತಲಿದ್ದ ಜಾಗದಲ್ಲಿ ಮೂರನೆಯ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಅಷ್ಟು ದಿನ ಕಾಣುತ್ತಿದ್ದ ಎರಡರಲ್ಲಿ ಒಂದು ಮಾಯ! ಲೇಖನ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತು? ಓಡಿ ಬಂದು ಹೇಳಿದರೆ ಭಾವ, “ಹ್ಞೂಂ, ಇತ್ತಲ್ಲ” ಎಂದು ಪೇಪರಿನ ಪುಟ ಮಗುಚಿದರು. ಒಂದು ಶಭಾಷ್ ಬೇಡವೇ? ಈ ಮನುಷ್ಯನಲ್ಲಿ ಪ್ರೀತಿ ಎಂಬುದೊಂದು ಇಲ್ಲವೇ ಇಲ್ಲ ಎಂದು ಅಂದೇ ತೀರ್ಮಾನಿಸಿದೆ.

ಥೀಸಿಸ್ಸಿನ ಕರಡನ್ನು ಅವರೇ ತಿದ್ದಿದರು. ಪ್ರತಿ ಪುಟವೂ ಕೆಂಪು. ಕೃತಜ್ಞತೆಯ ಪುಟದಲ್ಲಿ ಮಾತ್ರ ಒಂದು ಗೀಟೂ ಇರಲಿಲ್ಲ. ‘ನಾಲ್ಕು ವರ್ಷ ದಿನವೂ ಡಬ್ಬಿಗೆ ಮೊಸರನ್ನ ಕಟ್ಟಿಕೊಟ್ಟ ಅಕ್ಕನಿಗೆ’ ಎಂದು ಅಲ್ಲಿ ಬರೆದಿದ್ದೆ. ಅಕ್ಕನಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು.

“ಬೆಳಿಗ್ಗೆ ಆರಕ್ಕೆ ಆಸ್ಪತ್ರೆ ಡ್ಯೂಟಿಗೆ ಓಡೋಳು ಕಣೇ ನಾನು. ನನ್ನ ಡಬ್ಬಿನೇ ನಾನು ಕಟ್ಕೊಳ್ಳಲ್ಲ, ನಿಂದು ಕಟ್ತಿದ್ನಾ?”

ಎಂಟು ಗಂಟೆಗೆ ಎದ್ದು, ಕಟ್ಟೆಯ ಮೇಲೆ ಸಿದ್ಧವಾಗಿರುತ್ತಿದ್ದ ಡಬ್ಬಿ ಎತ್ತಿಕೊಂಡು ಓಡುತ್ತಿದ್ದವಳು ನಾನು. ದಾಳಿಂಬೆ ಕಾಳು, ಸಣ್ಣಗೆ ಹೆಚ್ಚಿದ ಶುಂಠಿ, ಒಂದು ದಿನವೂ ತಪ್ಪಿದ್ದಲ್ಲ. ಕಣ್ಣು ತುಂಬಿ ಬಂತು. ಅಡುಗೆಮನೆಗೆ ಹೋದರೆ ಭಾವ ಫ್ರಿಜ್ಜಿನ ಮುಂದೆ ಮಂಡಿಯೂರಿ ಏನೋ ಹುಡುಕುತ್ತಿದ್ದರು.

“ಭಾವ, ಮೊಸರನ್ನ ನೀವು ಕಟ್ತಿದ್ರಾ?”

ಅವರು ಗಾಬರಿಯಿಂದ ತಲೆಯೆತ್ತಿದರು. “ಯಾಕಮ್ಮ, ಉಪ್ಪು ಕಡಿಮೆ ಆಗ್ತಿತ್ತಾ?”

“ಇಲ್ಲ” ಎಂದೆ.

ನನ್ನ ಬಾಯಿಂದ ಬಂದ ‘ಇಲ್ಲ’ಗಳಲ್ಲಿ ಭಾವ ಮರುಮಾತಿಲ್ಲದೆ ಒಪ್ಪಿಕೊಂಡದ್ದು ಅದೊಂದನ್ನೇ.